ತಾತ ಇಲ್ಲದ ಹುಡುಗನ ಎರಡು ವರ್ಷ

ಒಂದು ಪತ್ರದ ಯೋಚನೆ ನನ್ನನ್ನು ಬಿಡುತ್ತಿಲ್ಲ. ಸಾವಿರ ವರ್ಷಕ್ಕಿಂತ ಹಳೆಯ ಪತ್ರ ಅದು. ಬರೆದವಳು ಶಿಶಿ ಅನ್ನುವ ಹುಡುಗಿ, ಜಪಾನಿನ ಚಕ್ರವರ್ತಿ ಕಜಾನ್‌ನ ರಾಣಿಯರಲ್ಲಿ ಒಬ್ಬಳು. ಬಸುರಿಯಾಗಿದ್ದಾಗಲೇ ತೀರಿಕೊಂಡಳು. ಅವಳು ಹೋದ ಮೇಲೆ ಅವನು ಆ ಪತ್ರವನ್ನು ಹರಿಯದೆ, ಬಿಸಾಡದೆ ಇಟ್ಟುಕೊಂಡು ಆಗಾಗ ತೆಗೆದು ಓದುತ್ತಿದ್ದ. 986ರ ಆರನೇ ತಿಂಗಳ ಒಂದು ರಾತ್ರಿ, ಸಿಂಹಾಸನ ಬಿಟ್ಟು ಸನ್ಯಾಸಿಯಾಗಲು ಗುಟ್ಟಾಗಿ ಅರಮನೆಯಿಂದ ಹೊರಟಾಗ ಅವನಿಗೆ ಅದು ನೆನಪಾಯಿತು. ‘ಸ್ವಲ್ಪ ಇರು’ ಅಂತ ತರಲು ಒಳಗೆ ತಿರುಗಿದ. ಜೊತೆಗಿದ್ದ ಮಿಚಿಕನೆ ಅನ್ನುವ ಅಧಿಕಾರಿ ಅಳತೊಡಗಿದ. ಈಗ ತಡ ಮಾಡಿದರೆ ಏನಾದರೂ ಅಡ್ಡಿ ಬಂದೇ ಬರುತ್ತದೆ, ಯಾಕೆ ಹೀಗೆ ಮನಸ್ಸು ಹಿಂದೆಗೆಯುತ್ತೀರಿ ಅಂತ ಅತ್ತ. ಪತ್ರ ಕೈಗೆ ಸಿಕ್ಕಿತೋ ಇಲ್ಲವೋ, ಕಥೆ ಹೇಳುವವರು ಹೇಳುವುದಿಲ್ಲ. ಅವರು ಮುಂದಿನ ಘಟನೆಗೆ ಹೋಗಿಬಿಡುತ್ತಾರೆ. ನಾನು ಅಲ್ಲೇ ನಿಂತುಬಿಟ್ಟಿದ್ದೇನೆ.

ಇದು ನಡೆದದ್ದು ಕನ್ನಾ ಶಕೆಯ ಎರಡನೇ ವರ್ಷದಲ್ಲಿ. ಜಪಾನಿನ ಶಕೆಗಳ ಪಟ್ಟಿ ಉದ್ದ ಇದೆ. ನಮ್ಮ ಸಂವತ್ಸರದ ಹೆಸರುಗಳಾದರೆ ಅರವತ್ತು ವರ್ಷಕ್ಕೆ ತಿರುಗಿ ಬರುತ್ತವೆ. ಅವರ ಶಕೆ ಹಾಗಲ್ಲ. ಹೊಸ ಚಕ್ರವರ್ತಿ ಬಂದರೆ, ಬರ ಬಿದ್ದರೆ, ರೋಗ ಹಬ್ಬಿದರೆ, ಶುಭಶಕುನ ಕಂಡರೆ ಆಸ್ಥಾನ ಕೂತು ಹೊಸ ಹೆಸರು ಆರಿಸುತ್ತಿತ್ತು. ಹಳೆಯದು ಹೋದರೆ ಹೋಯಿತು. ಆ ಪಟ್ಟಿಯಲ್ಲಿ ಕನ್ನಾಕ್ಕೆ ಒಂದೇ ಸಾಲು. 985ರ ನಾಲ್ಕನೇ ತಿಂಗಳಲ್ಲಿ ಶುರು, 987ರ ನಾಲ್ಕನೇ ತಿಂಗಳಲ್ಲಿ ಮುಕ್ತಾಯ. ಎರಡು ವರ್ಷವೂ ತುಂಬಲಿಲ್ಲ. ಅದರಲ್ಲೂ ಕೊನೆಯ ಒಂಬತ್ತು ತಿಂಗಳು ಆ ಹೆಸರಿಗೆ ಯಜಮಾನನೇ ಇರಲಿಲ್ಲ. ಕಜಾನ್ ತಲೆ ಬೋಳಿಸಿಕೊಂಡು ಹೋಗಿಯಾಗಿತ್ತು. ಸಿಂಹಾಸನದ ಮೇಲೆ ಬೇರೊಬ್ಬ ಹುಡುಗ ಕೂತಿದ್ದ. ಕಾಗದಪತ್ರಗಳ ಮೇಲೆ ಮಾತ್ರ ಕನ್ನಾ ಎರಡು, ಕನ್ನಾ ಮೂರು ಅಂತ ಬರೆಯುತ್ತಲೇ ಇದ್ದರು.

ಚರಿತ್ರೆಯಲ್ಲಿ ಈ ಎರಡು ವರ್ಷಕ್ಕೆ ಸಿಗುವ ಜಾಗ ತುಂಬ ಸಣ್ಣದು. ಸ್ವಲ್ಪ ತಿಕ್ಕಲು ಹುಡುಗನೊಬ್ಬ ಚಕ್ರವರ್ತಿಯಾಗಿದ್ದ, ಮೋಸ ಹೋಗಿ ಪಟ್ಟ ಬಿಟ್ಟ, ಅಲ್ಲಿಂದ ಫುಜಿವಾರ ಮನೆತನದ ಸುವರ್ಣಯುಗ ಶುರುವಾಯಿತು. ಇಷ್ಟೇ. ನನಗೆ ಈ ಸಾರಾಂಶ ಓದಿದಾಗಲೆಲ್ಲ ಸಂಕಟವಾಗುತ್ತದೆ. ಅವನು ತಿಕ್ಕಲನೋ ಅಲ್ಲವೋ ಅನ್ನುವುದಕ್ಕಿಂತ, ಅವನ ಹಿಂದೆ ಯಾರೂ ಇರಲಿಲ್ಲ ಅನ್ನುವುದು ನನಗೆ ದೊಡ್ಡದಾಗಿ ಕಾಣುತ್ತದೆ.

ಹೆಣ್ಣು ಕೊಟ್ಟ ಮನೆ

ಆ ಕಾಲದ ಜಪಾನಿನಲ್ಲಿ ದೊಡ್ಡ ಮನೆಗಳ ಮಕ್ಕಳು ಬೆಳೆಯುತ್ತಿದ್ದದ್ದು ತಾಯಿಯ ಮನೆಯಲ್ಲಿ. ಗಂಡ ಹೆಂಡತಿಯ ಮನೆಗೆ ಬಂದು ಹೋಗುತ್ತಿದ್ದ. ಅರಮನೆಯ ರಾಣಿಯರೂ ಹೆರಿಗೆಗೆ ತವರಿಗೇ ಹೋಗುತ್ತಿದ್ದರು. ಹಾಗಾಗಿ ರಾಜಕುಮಾರನನ್ನು ಎತ್ತಿ ಆಡಿಸುವವನು ತಾಯಿಯ ತಂದೆ. ಹುಡುಗನಿಗೆ ಪಟ್ಟ ಕಟ್ಟಿದ ದಿನ ಆ ತಾತ ರಾಜಪ್ರತಿನಿಧಿ ಆಗುತ್ತಿದ್ದ. ದೇಶ ನಡೆಸುತ್ತಿದ್ದವನು ಅವನು. ಫುಜಿವಾರ ಮನೆಯವರ ಅಧಿಕಾರದ ಗುಟ್ಟು ಇಷ್ಟೇ. ಸೈನ್ಯ ಇಟ್ಟುಕೊಂಡು ಗೆದ್ದವರಲ್ಲ ಅವರು. ಹೆಣ್ಣು ಕೊಟ್ಟು, ಮೊಮ್ಮಗ ಹುಟ್ಟಲಿ ಅಂತ ಕಾದು ಗೆದ್ದವರು.

ಕಜಾನ್‌ಗೂ ಅಂಥ ತಾತ ಇದ್ದ, ಫುಜಿವಾರ ನೊ ಕೊರೆಮಾಸ. ಮಗುವಿಗೆ ಒಂದು ವರ್ಷ ತುಂಬುವ ಮೊದಲೇ, 969ರಲ್ಲಿ, ಯುವರಾಜನ ಪಟ್ಟ ಕೊಡಿಸಿದ್ದ. ಆದರೆ 972ರಲ್ಲಿ ತಾತ ಹೋದ. 975ರಲ್ಲಿ ತಾಯಿ ಕಾಯ್ಶಿಯೂ ಹೋದಳು. ತಂದೆ ರೇಜೇಯ್ ಮಾಜಿ ಚಕ್ರವರ್ತಿ, ಆದರೆ ಮನಸ್ಸಿನ ಕಾಯಿಲೆಯಿಂದ ಯಾವತ್ತೋ ಪಟ್ಟ ಬಿಟ್ಟು ಮೂಲೆಗೆ ಕೂತವನು. 984ರಲ್ಲಿ ಕಜಾನ್ ಸಿಂಹಾಸನ ಏರಿದಾಗ ಅವನಿಗೆ ಆಗಿನ ಲೆಕ್ಕದಲ್ಲಿ ಹದಿನೇಳು. ಬೆನ್ನಿಗೆ ನಿಂತವನು ತಾಯಿಯ ತಮ್ಮ ಯೋಶಿಚಿಕ. ಅವನಿಗೂ ಇನ್ನೂ ಮೂವತ್ತು ತುಂಬಿರಲಿಲ್ಲ. ಇನ್ನೊಬ್ಬ ಕೊರೆಶಿಗೆ, ಅಷ್ಟೇನೂ ದೊಡ್ಡ ಹುದ್ದೆಯಲ್ಲದ, ತುಂಬ ಬುದ್ಧಿವಂತ ಅಧಿಕಾರಿ. ಹಿರಿಯ ಮಂತ್ರಿಗಳೆಲ್ಲ ಬೇರೆ ಬೇರೆ ಮನೆಗಳ ಕಡೆಯವರು. ಅವರಲ್ಲಿ ಒಬ್ಬನಂತೂ ದಿನ ಎಣಿಸುತ್ತಿದ್ದ. ಅವನು ಕನೆಯಿಯೆ, ಬಲಮಂತ್ರಿ ಅನ್ನುವ ದೊಡ್ಡ ಹುದ್ದೆಯಲ್ಲಿದ್ದವನು. ಅವನ ಮಗಳು ಸೆನ್‌ಶಿಗೆ ಹಿಂದಿನ ಚಕ್ರವರ್ತಿಯಿಂದ ಒಬ್ಬನೇ ಮಗ. ಆ ಮಗುವೇ ಈಗ ಯುವರಾಜ. ಕಜಾನ್ ಇಳಿದರೆ ಕನೆಯಿಯೆಯ ಮೊಮ್ಮಗ ಏರುತ್ತಾನೆ. 986ರ ಹೊತ್ತಿಗೆ ಕನೆಯಿಯೆಗೆ ಐವತ್ತೆಂಟು ಆಗುತ್ತಾ ಬಂದಿತ್ತು. ಕಜಾನ್‌ಗೆ ಹತ್ತೊಂಬತ್ತು. ಸುಮ್ನೆ ಕಾದರೆ ಯಾರು ಮೊದಲು ಹೋಗುತ್ತಾರೆ ಅನ್ನುವುದು ಕನೆಯಿಯೆಗೆ ಚೆನ್ನಾಗಿ ಗೊತ್ತಿತ್ತು.

ಆದರೂ ಆ ಹುಡುಗರು ಕೆಲಸ ಮಾಡಿದರು. ಇದನ್ನು ಜಾಸ್ತಿ ಜನ ಹೇಳುವುದೇ ಇಲ್ಲ. ದೊಡ್ಡ ಮನೆಗಳು, ದೇವಾಲಯಗಳು ಹೊಸ ಹೊಸ ಭೂಮಿಯನ್ನು ತಮ್ಮ ಖಾಸಗಿ ಜಹಗೀರು ಮಾಡಿಕೊಂಡು ತೆರಿಗೆ ತಪ್ಪಿಸುತ್ತಿದ್ದದ್ದಕ್ಕೆ ತಡೆ ಹಾಕಲು ಆಜ್ಞೆ ಹೊರಡಿಸಿದರು. ಜನ ತಾಮ್ರದ ನಾಣ್ಯ ಮುಟ್ಟುವುದನ್ನೇ ಬಿಟ್ಟಿದ್ದರು. ಅದನ್ನು ಮತ್ತೆ ಚಲಾವಣೆಗೆ ತರಲು ನೋಡಿದರು. ಬೆಲೆ ಹಿಡಿದಿಡಲು ನೋಡಿದರು. ಸರ್ಕಾರ ಕೊನೆಯ ಸಲ ನಾಣ್ಯ ಅಚ್ಚು ಹಾಕಿದ್ದು 958ರಲ್ಲಿ. ಅದಾದ ಮೇಲೆ ಆರುನೂರು ವರ್ಷಕ್ಕೂ ಜಾಸ್ತಿ ಕಾಲ ಜಪಾನಿನಲ್ಲಿ ಸರ್ಕಾರದ ಸ್ವಂತ ನಾಣ್ಯ ನಿಲ್ಲಲಿಲ್ಲ ಅನ್ನುವುದನ್ನು ನೋಡಿದರೆ ಈ ಹುಡುಗರು ಎಂಥ ಇಳಿಜಾರಿನಲ್ಲಿ ಬಂಡಿ ತಡೆಯಲು ನಿಂತಿದ್ದರು ಅಂತ ತಿಳಿಯುತ್ತದೆ. ‘ಓಕಗಾಮಿ’ ಅನ್ನುವ ಹಳೆಯ ಚರಿತ್ರೆಯ ಕಥನ ಕಜಾನ್‌ನನ್ನು ಹೊಗಳುವುದಕ್ಕೆ ಬರೆದದ್ದಲ್ಲ. ಅದೇ ಹೇಳುತ್ತದೆ: ಆ ಕಾಲದ ಆಡಳಿತ ಯೋಶಿಚಿಕ, ಕೊರೆಶಿಗೆ ಇಬ್ಬರ ಕೈಯಲ್ಲಿತ್ತು, ಬಹಳ ಚೆನ್ನಾಗಿತ್ತು. ಅರಮನೆಯ ಒಳಗೆ ಸರಿಯಿಲ್ಲ, ಹೊರಗೆ ಎಲ್ಲ ಸೊಗಸು ಅಂತ ಜನ ಈ ಚಕ್ರವರ್ತಿಯ ಬಗ್ಗೆ ಆಡಿಕೊಳ್ಳುತ್ತಿದ್ದರಂತೆ.

ಆ ‘ಒಳಗೆ’ ಅನ್ನುವುದರಲ್ಲಿ ಶಿಶಿ ಇದ್ದಾಳೆ. ತಮೆಮಿತ್ಸು ಅನ್ನುವ ಶ್ರೀಮಂತನ ಮಗಳು. ಕೊಕಿದೆನ್ ಭವನದಲ್ಲಿ ಇದ್ದದ್ದರಿಂದ ಕೊಕಿದೆನ್ ರಾಣಿ ಅಂತಲೇ ಕರೆಯುತ್ತಾರೆ. ಕಜಾನ್ ಅವಳನ್ನು ಒಂದು ಗಳಿಗೆ ಬಿಟ್ಟಿರುತ್ತಿರಲಿಲ್ಲ. ಬಸುರಿಯಾಗಿ, ಊಟ ಸೇರದೆ, ಸೊರಗಿ ತವರಿಗೆ ಹೋದಳು. ಅವನು ಹಗಲು ರಾತ್ರಿ ಆಳುಗಳನ್ನು ಕಳಿಸಿದ. ಆಮೇಲೆ ತಡೆಯಲಾರದೆ, ಒಮ್ಮೆ ನೋಡಬೇಕು ಅಂತ ಮತ್ತೆ ಅರಮನೆಗೇ ಕರೆಸಿಕೊಂಡ. ಕೆಲವು ದಿನ ಇದ್ದಳು. ಇನ್ನಷ್ಟು ಸೊರಗಿ ಹಿಂತಿರುಗಿದಳು. 985ರ ಏಳನೇ ತಿಂಗಳಲ್ಲಿ ಸತ್ತಳು. ಕನ್ನಾ ಶಕೆಗೆ ಆಗ ಮೂರು ತಿಂಗಳು. ಹುಡುಗನ ಪ್ರೀತಿಯೂ ಅವಳನ್ನು ದಣಿಸಿತು ಅಂತ ನನಗೆ ಅನಿಸುತ್ತದೆ. ಅದು ಅವನಿಗೂ ಅನಿಸಿರಬೇಕು.

ಆಗಿನ ಗಾಳಿ

ಬಸುರಿ ಸತ್ತರೆ ಅವಳ ಪಾಪ ದೊಡ್ಡದು, ಮುಕ್ತಿ ಕಷ್ಟ ಅನ್ನುವ ನಂಬಿಕೆ ಆಗಿನ ಜಪಾನಿನಲ್ಲಿ ಇತ್ತು. ಈ ನಂಬಿಕೆಯ ಕ್ರೌರ್ಯವನ್ನು ನೆನೆದರೆ ಮೈ ಉರಿಯುತ್ತದೆ. ಆದರೆ ಕಜಾನ್ ಅದನ್ನು ನಂಬಿದ್ದ. ಅವಳ ಆ ಪಾಪವನ್ನು ಹೇಗೆ ತೊಳೆಯಲಿ ಅನ್ನುವುದೇ ಅವನಿಗೆ ಹಗಲಿರುಳಿನ ಚಿಂತೆಯಾಯಿತು ಅಂತ ‘ಏಯ್ಗಾ ಮೊನೊಗತಾರಿ’ ಅನ್ನುವ ಇನ್ನೊಂದು ಹಳೆಯ ಕಥನ ಹೇಳುತ್ತದೆ. ಹೆಂಡತಿ ಮಕ್ಕಳು, ಸಂಪತ್ತು, ಸಿಂಹಾಸನ, ಯಾವುದೂ ಸಾಯುವಾಗ ಜೊತೆಗೆ ಬರುವುದಿಲ್ಲ ಅನ್ನುವ ಅರ್ಥದ ಸೂತ್ರದ ಸಾಲು ಅವನ ಬಾಯಲ್ಲಿ ಸದಾ ಇರುತ್ತಿತ್ತಂತೆ.

ಇದನ್ನು ಹುಚ್ಚು ಅನ್ನುವ ಮೊದಲು ಸುತ್ತಮುತ್ತ ಏನು ನಡೆಯುತ್ತಿತ್ತು ಅಂತ ನೋಡಬೇಕು. 985ರಲ್ಲೇ, ಹಿಯೇಯ್ ಬೆಟ್ಟದ ಯೋಕಾವಾದಲ್ಲಿ ಗೆನ್‌ಶಿನ್ ಅನ್ನುವ ಭಿಕ್ಷು ‘ಓಜೋಯೋಶೂ’ ಬರೆದು ಮುಗಿಸಿದ. ನರಕಗಳ ವರ್ಣನೆಯಿಂದ ಶುರುವಾಗಿ ಅಮಿತಾಭ ಬುದ್ಧನ ಪಾವನ ಲೋಕಕ್ಕೆ ಹೇಗೆ ಸೇರುವುದು ಅಂತ ಹೇಳುವ ಪುಸ್ತಕ. 986ರ ಐದನೇ ತಿಂಗಳಲ್ಲಿ ಅದೇ ಯೋಕಾವಾದಲ್ಲಿ ಇಪ್ಪತ್ತೈದು ಜನ ಭಿಕ್ಷುಗಳು ಒಂದು ಕೂಟ ಕಟ್ಟಿಕೊಂಡರು. ತಿಂಗಳಿಗೊಮ್ಮೆ ರಾತ್ರಿಯಿಡೀ ಒಟ್ಟಿಗೆ ನಾಮಸ್ಮರಣೆ. ಯಾರಿಗಾದರೂ ಕಾಯಿಲೆ ಬಿದ್ದರೆ ಉಳಿದವರು ಪಕ್ಕದಲ್ಲಿ ಕೂತು ಕೊನೆ ಉಸಿರಿನ ತನಕ ನೋಡಿಕೊಳ್ಳಬೇಕು. ಅದಕ್ಕೆ ಒಂದು ತಿಂಗಳ ಮುಂಚೆ ಯೋಶಿಶಿಗೆ ನೊ ಯಸುತಾನೆ, ದೊಡ್ಡ ವಿದ್ವಾಂಸ, ಆಸ್ಥಾನಕ್ಕೆ ಆಜ್ಞೆಗಳನ್ನು ಬರೆದುಕೊಡುತ್ತಿದ್ದವನು, ಕೆಲಸ ಬಿಟ್ಟು ತಲೆ ಬೋಳಿಸಿಕೊಂಡಿದ್ದ. ಚೆನ್ನಾಗಿ ಓದಿದವರು, ತೂಕದ ಜನ, ಒಬ್ಬೊಬ್ಬರಾಗಿ ಹೊರಡುತ್ತಿದ್ದ ಕಾಲ ಅದು. ಅವರನ್ನು ಯಾರೂ ತಿಕ್ಕಲರು ಅನ್ನಲಿಲ್ಲ. ಹೆಂಡತಿಯನ್ನೂ ಹುಟ್ಟದ ಮಗುವನ್ನೂ ಕಳೆದುಕೊಂಡ ಹುಡುಗ ಅದನ್ನೇ ಯೋಚಿಸಿದರೆ ಮಾತ್ರ ತಿಕ್ಕಲು.

(ಇದೇ ಶಕೆಯ ಕೊನೆಯ ತಿಂಗಳುಗಳಲ್ಲಿ ಇನ್ನೊಂದು ಸಂಗತಿ ನಡೆಯಿತು. ಚೋನೆನ್ ಅನ್ನುವ ಭಿಕ್ಷು ಚೀನಾದಿಂದ ಬುದ್ಧನ ಮರದ ಮೂರ್ತಿ ತಂದ. ಕೌಶಾಂಬಿಯ ಉದಯನ ರಾಜ ಬುದ್ಧ ಬದುಕಿದ್ದಾಗಲೇ ಮಾಡಿಸಿದ ಅನ್ನುವ ಮೂರ್ತಿಯ ನಕಲು ಅದು. ಈಗ ಕ್ಯೋಟೋದ ಸೇರ್ಯೋಜಿ ದೇವಾಲಯದಲ್ಲಿದೆ. 1950ರ ದಶಕದಲ್ಲಿ ಅದರ ಬೆನ್ನು ತೆರೆದು ನೋಡಿದಾಗ ಒಳಗೆ ರೇಷ್ಮೆಯಲ್ಲಿ ಹೊಲಿದ ಹೃದಯ, ಕರುಳು, ಯಕೃತ್ತು ಎಲ್ಲ ಇದ್ದವು. ಅದನ್ನು ಓದಿದ ದಿನ ನನಗೆ ಬೇರೆ ಕೆಲಸ ಮಾಡಲಾಗಲಿಲ್ಲ.)

ಸೆಕೆಯ ದಿನ

ಕನ್ನಾ ಎರಡನೇ ವರ್ಷದ ಆರನೇ ತಿಂಗಳ ಹತ್ತರಂದು ಅರಮನೆಯಲ್ಲಿ ಕವಿಗಳ ಸ್ಪರ್ಧೆ ನಡೆಯಿತು. ಕಜಾನ್ ತಾನೇ ನಡೆಸಿದ್ದು. ಅದಾಗಿ ಹದಿಮೂರು ದಿನಕ್ಕೆ ಎಲ್ಲ ಮುಗಿಯಿತು. ನಡುವಿನ ದಿನಗಳಲ್ಲಿ ಒಂದನ್ನು ನಾವು ಹತ್ತಿರದಿಂದ ನೋಡಬಹುದು. ಯಾಕೆಂದರೆ ಅಲ್ಲಿ ಮುಂದೆ ಲೇಖಕಿಯಾಗಿ ಹೆಸರಾದ ಸೇಯ್ ಶೋನಾಗೊನ್ ಇದ್ದಳು. ಇನ್ನೂ ಅರಮನೆಯ ಕೆಲಸಕ್ಕೆ ಸೇರಿರಲಿಲ್ಲ, ಸುಮಾರು ಇಪ್ಪತ್ತರ ಹೆಣ್ಣುಮಗಳು. ಕೊಶಿರಕಾವಾ ಅನ್ನುವ ಕಡೆ ಒಬ್ಬ ಶ್ರೀಮಂತನ ಮನೆಯಲ್ಲಿ ಕೆಲವು ದಿನ ನಡೆದ ಸದ್ಧರ್ಮಪುಂಡರೀಕ ಸೂತ್ರದ ಪ್ರವಚನಕ್ಕೆ ಹೋಗಿದ್ದಳು. ವರ್ಷಗಳಾದ ಮೇಲೆ ತನ್ನ ‘ಮಾಕುರಾ ನೊ ಸೋಶಿ’ ಅನ್ನುವ ಪುಸ್ತಕದಲ್ಲಿ ಅದನ್ನು ಬರೆದಿದ್ದಾಳೆ.

ಲೋಕ ಕಾಣದ ಸೆಕೆ ಅಂತೆ ಅವತ್ತು. ಕೊಳದ ತಾವರೆ ನೋಡಿದರೆ ಮಾತ್ರ ಸ್ವಲ್ಪ ತಂಪು ಅನಿಸುತ್ತಿತ್ತು. ಇಬ್ಬನಿ ಆರುವ ಮೊದಲೇ ಎದ್ದು ಬಂದರೂ ಎತ್ತಿನ ಬಂಡಿಗಳು ಒಂದಕ್ಕೊಂದು ಒತ್ತಿ ನಿಂತಿದ್ದವು. ದೊಡ್ಡ ದೊಡ್ಡವರೆಲ್ಲ ಬಂದಿದ್ದರು. ಅವರ ನಡುವೆ ಯೋಶಿಚಿಕ ಎದ್ದು ಕಾಣುತ್ತಿದ್ದ. ಯಾವತ್ತಿಗಿಂತ ಅವತ್ತು ಇನ್ನೂ ಚೆನ್ನಾಗಿ ಕಾಣುತ್ತಿದ್ದ ಅಂತ ಬರೆಯುತ್ತಾಳೆ. ಸಾಲಾಗಿ ನಿಂತ ಹೆಂಗಸರ ಬಂಡಿಗಳ ಕಡೆಗೇ ಅವನ ಕಣ್ಣು. ಒಂದು ಬಂಡಿಗೆ ಆಳಿನ ಕೈಯಲ್ಲಿ ಮಾತು ಹೇಳಿ ಕಳಿಸುತ್ತಾನೆ. ಉತ್ತರ ಏನು ಬರುತ್ತದೆ ಅಂತ ಕೂತವರೆಲ್ಲ ಕಾಯುತ್ತಾರೆ. ಶೋನಾಗೊನ್‌ಗೆ ಮನೆಯಲ್ಲಿ ಬೇರೆ ಕೆಲಸ ಇತ್ತು, ಸೆಕೆಯೂ ತಡೆಯದಾಯಿತು. ಮಧ್ಯದಲ್ಲೇ ಹೊರಡಲು ಬಂಡಿ ತಿರುಗಿಸಿದಳು. ಯೋಶಿಚಿಕ ನಕ್ಕು ‘ಹೊರಡುವುದೂ ಒಳ್ಳೆಯದೇ’ ಅಂದ. ಇದು ಸೂತ್ರದೊಳಗಿನದೇ ಮಾತು. ಬುದ್ಧ ಉಪದೇಶ ಶುರು ಮಾಡುವಾಗ ಐದು ಸಾವಿರ ಅಹಂಕಾರಿಗಳು ಎದ್ದು ಹೋಗುತ್ತಾರೆ, ಬುದ್ಧ ತಡೆಯದೆ ಹೋಗುವುದೇ ಒಳ್ಳೆಯದು ಅನ್ನುತ್ತಾನೆ. ಅವಳು ಹೊರಗೆ ಹೋಗಿ ಆಳಿನ ಕೈಯಲ್ಲಿ ಉತ್ತರ ಕಳಿಸಿದಳು: ನೀವೂ ಆ ಐದು ಸಾವಿರದಲ್ಲಿ ಸೇರದೆ ಇರುವುದಿಲ್ಲ.

ಇದಾಗಿ ಕೆಲವೇ ದಿನ. ಇಪ್ಪತ್ತು ದಾಟುತ್ತಿದ್ದಂತೆ ಆ ಯೋಶಿಚಿಕ ತಲೆ ಬೋಳಿಸಿಕೊಂಡು ಭಿಕ್ಷುವಾದ. ಚೆರ್ರಿ ಹೂ ಉದುರುವುದು ಇದರ ಮುಂದೆ ದಿನನಿತ್ಯದ ಸಂಗತಿ ಅಷ್ಟೇ ಅಂತ ಅವಳು ನಿಲ್ಲಿಸುತ್ತಾಳೆ. ಯಾರು ಮಾಡಿದರು, ಯಾಕೆ ಮಾಡಿದರು ಅಂತ ಒಂದು ಮಾತೂ ಇಲ್ಲ. ಅವಳು ಹೇಳುವ ಹಾಗೂ ಇರಲಿಲ್ಲ. ಆ ಸೆಕೆಯ ದಿನ ಅದೇ ಚಾವಡಿಯಲ್ಲಿ ಕೂತಿದ್ದವರಲ್ಲಿ ಕನೆಯಿಯೆಯ ಹಿರಿಯ ಮಗ ಮಿಚಿತಕನೂ ಇದ್ದ. ಮುಂದೆ ಶೋನಾಗೊನ್ ಜೀವ ಇಟ್ಟು ಸೇವೆ ಮಾಡಿದ ರಾಣಿ ತೇಯ್ಶಿ ಅವನ ಮಗಳು. ಯೋಶಿಚಿಕ ನಗುತ್ತಾ ಬಂಡಿಗಳಿಗೆ ಮಾತು ಕಳಿಸುತ್ತಿದ್ದಾಗ ಮಿಚಿತಕನಿಗೆ ಮುಂದಿನದು ಎಷ್ಟು ಗೊತ್ತಿತ್ತು? ನನಗೆ ಆ ಚಾವಡಿಯ ಸೆಕೆ ಇದರಿಂದಲೇ ಉಸಿರು ಕಟ್ಟಿಸುತ್ತದೆ.

ಆ ರಾತ್ರಿ

ಚಾಂದ್ರಮಾನದ ಇಪ್ಪತ್ತೆರಡರ ರಾತ್ರಿ. ಕೃಷ್ಣಪಕ್ಷದ ಅಷ್ಟಮಿ ಆಸುಪಾಸು. ಚಂದ್ರ ಹುಟ್ಟುವುದೇ ನಡುರಾತ್ರಿಗೆ. ಕಜಾನ್ ಸಣ್ಣ ಬಾಗಿಲಿನಿಂದ ಹೊರಗೆ ಬಂದಾಗ ಬೆಳದಿಂಗಳು ಸುರಿಯುತ್ತಿತ್ತು. ‘ಇಷ್ಟು ಬೆಳಕಿದೆಯಲ್ಲ, ಏನು ಮಾಡೋಣ’ ಅಂದ. ಇನ್ನು ನಿಲ್ಲುವ ಹಾಗಿಲ್ಲ, ಪಟ್ಟದ ಗುರುತಾದ ರಾಜಖಡ್ಗ, ರತ್ನ ಎಲ್ಲ ಆಗಲೇ ಯುವರಾಜನ ಕಡೆಗೆ ಹೋಗಿಯಾಗಿದೆ ಅಂದ ಮಿಚಿಕನೆ. ಅವನೂ ಕನೆಯಿಯೆಯ ಮಗನೇ. ತಾನೇ ಕೈಯಾರೆ ಸಾಗಿಸಿಬಿಟ್ಟಿದ್ದ ಅಂತ ಓಕಗಾಮಿ ಹೇಳುತ್ತದೆ. ಮಿಚಿತಕ ಮತ್ತು ಅವನ ಮಲತಮ್ಮ ಮಿಚಿತ್ಸುನ ಹೊತ್ತು ಸಾಗಿಸಿದರು ಅನ್ನುವುದು ಇನ್ನೊಂದು ಕಡೆಯ ಮಾತು. ಯಾರೇ ಆಗಲಿ, ಕನೆಯಿಯೆಯ ಮಕ್ಕಳೇ. ಅಷ್ಟರಲ್ಲಿ ಮೋಡ ಚಂದ್ರನನ್ನು ಮುಚ್ಚಿತು. ‘ನನ್ನ ಸನ್ಯಾಸ ಕೈಗೂಡುತ್ತದೆ’ ಅಂತ ಹುಡುಗ ಹೆಜ್ಜೆ ಇಟ್ಟ. ಆಮೇಲೆ ಪತ್ರ ನೆನಪಾದದ್ದು.

ಬಂಡಿ ಪೂರ್ವಕ್ಕೆ ಹೊರಟಿತು. ದಾರಿಯಲ್ಲಿ ಅಬೆ ನೊ ಸೇಮೇಯ್ ಮನೆ. ನಕ್ಷತ್ರ, ಶಕುನ ನೋಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಒಳಗಿನಿಂದ ಜೋರಾಗಿ ಚಪ್ಪಾಳೆ ತಟ್ಟಿದ ಸದ್ದು, ಅವನದೇ ದನಿ: ಚಕ್ರವರ್ತಿ ಪಟ್ಟ ಬಿಡುವ ಸೂಚನೆ ಆಕಾಶದಲ್ಲಿ ಕಂಡಿತು, ಆಗಿಯೇ ಹೋದ ಹಾಗಿದೆ, ಅರಮನೆಗೆ ಹೋಗಿ ಹೇಳಬೇಕು, ಬಂಡಿ ಕಟ್ಟಿ. ಕಣ್ಣಿಗೆ ಕಾಣದ ತನ್ನ ಸೇವಕಭೂತವನ್ನು ಮೊದಲು ಕಳಿಸಿದ. ಬಾಗಿಲು ತಾನಾಗಿ ತೆರೆಯಿತು. ‘ಈಗಷ್ಟೇ ನಮ್ಮ ಮನೆ ಮುಂದೆ ಹಾದುಹೋಗುತ್ತಿದ್ದಾರೆ’ ಅಂತ ಅದು ಹೇಳಿತಂತೆ. ನೂರು ವರ್ಷ ಆದಮೇಲೆ ಕಟ್ಟಿದ ಕಥೆ ಇದು, ಇರಲಿ. ಆಕಾಶಕ್ಕೆ ಗೊತ್ತಾಯಿತು, ಭೂತಕ್ಕೆ ಗೊತ್ತಾಯಿತು, ಅರಮನೆಯಲ್ಲಿ ಮಾತ್ರ ಯಾರಿಗೂ ಗೊತ್ತಾಗಲಿಲ್ಲ ಅನ್ನುವ ಹಾಗೆ ಕಟ್ಟಿದವನ ಸಂಕಟ ನನಗೆ ಕೇಳಿಸುತ್ತದೆ.

ಕಾಮೋ ನದಿಯ ದಂಡೆ ಬಂದಾಗ ಮಿನಾಮೊಟೊ ಮನೆತನದ ಯೋಧರು ಸೇರಿಕೊಂಡರು. ಬೆಟ್ಟ ದಾಟಿ ಯಮಾಶಿನಾದ ಗಾಂಗ್ಯೋಜಿ ದೇವಾಲಯಕ್ಕೆ ಬಂದರು. ಅಲ್ಲಿ ಅವರು ಒಂದು ಅಡಿ ಉದ್ದದ ಕತ್ತಿಗಳನ್ನು ಅರ್ಧ ಹಿರಿದು ಕಾವಲು ನಿಂತರು. ಯಾರನ್ನು ಕಾಯಲು? ಚಕ್ರವರ್ತಿಯನ್ನಲ್ಲ. ಮಿಚಿಕನೆಯನ್ನು. ಯಾರಾದರೂ ಅವನನ್ನೂ ಬಲವಂತದಿಂದ ಭಿಕ್ಷು ಮಾಡಿಬಿಟ್ಟಾರು ಅಂತ ತಂದೆ ಕನೆಯಿಯೆ ಕಳಿಸಿದ್ದ ಪಡೆ ಅದು. ನಿಮ್ಮ ಜೊತೆ ನಾನೂ ಸನ್ಯಾಸಿಯಾಗುತ್ತೇನೆ, ನಿಮ್ಮ ಶಿಷ್ಯನಾಗಿ ಇರುತ್ತೇನೆ ಅಂತ ಮಾತು ಕೊಟ್ಟಿದ್ದವನ ತಲೆಗೂದಲಿಗೆ ಕತ್ತಿಯ ಕಾವಲು.

ಕಜಾನ್‌ನ ತಲೆ ಬೋಳಿಸಿಯಾಯಿತು. ಮಿಚಿಕನೆ ಎದ್ದ. ‘ಒಮ್ಮೆ ಹೋಗಿ ಅಪ್ಪನಿಗೆ ಈ ರೂಪದಲ್ಲಿ ಕೊನೆಯ ಸಲ ಮುಖ ತೋರಿಸಿ, ವಿಷಯ ಹೇಳಿ ಬರುತ್ತೇನೆ’ ಅಂದ. ಆಗ ಹುಡುಗನಿಗೆ ಅರ್ಥವಾಯಿತು. ‘ನನಗೆ ಮೋಸ ಮಾಡಿದೆಯಲ್ಲ’ ಅಂತ ಅತ್ತ.

ಬೆಳಗಾಗುವ ಹೊತ್ತಿಗೆ ಯೋಶಿಚಿಕ, ಕೊರೆಶಿಗೆ ಎಲ್ಲೆಲ್ಲೋ ಹುಡುಕಿ ಅಲ್ಲಿಗೆ ಬಂದರು. ಕಣ್ಣು ದೊಡ್ಡದು ಮಾಡಿಕೊಂಡು ಕೂತ ಒಬ್ಬ ಪುಟ್ಟ ಭಿಕ್ಷು ಅವರಿಗೆ ಕಂಡ. ಇಬ್ಬರೂ ನೆಲಕ್ಕೆ ಬಿದ್ದು ಗೋಳಾಡಿದರು. ಕೊರೆಶಿಗೆ ಹೇಳಿದ ಮಾತು ಉಳಿದಿದೆ: ಇನ್ನು ಮೇಲೆ ಹೊರಗಿನವರಾಗಿ ಆಸ್ಥಾನದಲ್ಲಿ ಓಡಾಡುವುದು ನೋಡಲು ಚೆನ್ನಾಗಿರುವುದಿಲ್ಲ. ಇಬ್ಬರೂ ಅಲ್ಲೇ ಭಿಕ್ಷುಗಳಾದರು. ಕನೆಯಿಯೆಯ ಮೊಮ್ಮಗ, ಏಳರ ಮಗು, ಚಕ್ರವರ್ತಿ ಇಚಿಜೋ ಆದ. ತಾತ ರಾಜಪ್ರತಿನಿಧಿ ಆದ.

ಚಿಕ್ಕಪ್ಪನ ಸಹಿ

ಮಿಚಿಕನೆಯ ಅಳು ಸುಳ್ಳು ಅಳು ಅಂತ ಓಕಗಾಮಿ ಸ್ಪಷ್ಟವಾಗಿ ಹೇಳುತ್ತದೆ. ಇದನ್ನು ಓದಿದಾಗಲೆಲ್ಲ ನನಗೆ ನಮ್ಮ ಚಿಕ್ಕಪ್ಪ ಕಣ್ಣ ಮುಂದೆ ಬರುತ್ತಾರೆ. ಚಿಕ್ಕಮ್ಮ ಇದ್ದಕ್ಕಿದ್ದ ಹಾಗೆ ಹೋದರು. ಮಕ್ಕಳಿರಲಿಲ್ಲ. ಚಿಕ್ಕಪ್ಪ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತರೆ ಕೂತೇ ಇರುತ್ತಿದ್ದರು. ಹತ್ತಿರದ ಸಂಬಂಧಿಯೊಬ್ಬರು ಮೊದಲ ದಿನದಿಂದ ಅವರ ಪಕ್ಕ ಬಿಡಲಿಲ್ಲ. ಕೈ ಹಿಡಿದುಕೊಂಡು ಕೂತರು, ಊಟ ಮಾಡಿಸಿದರು, ಜೊತೆಗೆ ಅತ್ತರು. ವೈಕುಂಠ ಸಮಾರಾಧನೆಯ ಮಾರನೇ ದಿನ ಬೆಳಿಗ್ಗೆ ಮನೆ ಮುಂದೆ ಗಾಡಿ ನಿಂತಿತ್ತು. ‘ಯಾಕೆ ನಿಂಗಿನ್ನು ಈ ಮನೆ, ಭಾಗ ಅಂತೆಲ್ಲ ತಲೆನೋವು. ಎಲ್ಲಾನೂ ಬಿಟ್ಟು ನೆಮ್ಮದಿಯಾಗಿರು. ಪೇಪರ್ ರೆಡಿ ಇದೆ, ಇವತ್ತೇ ಹೋಗಿಬಂದ್ಬಿಡೋಣ. ಆಮೇಲೆ ಅಂದ್ರೆ ಏನಾದ್ರೂ ಅಡ್ಡಿ ಬರುತ್ತೆ’ ಅಂತ ಅವರು ಹೇಳಿದ್ದನ್ನು ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಚಿಕ್ಕಪ್ಪ ಶರ್ಟು ಹಾಕಿಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಬಂದರು. ಆ ಸಂಬಂಧಿ ಮತ್ತೆ ಬರಲಿಲ್ಲ.

ಎಷ್ಟೋ ವರ್ಷದ ಮೇಲೆ ಚಿಕ್ಕಪ್ಪನ ಹತ್ತಿರ ಆ ಮಾತು ಬಂತು. ಮನೆ ಹೋಯಿತು ಅನ್ನುವುದರ ಬಗ್ಗೆ ಅವರಿಗೆ ಹೇಳಿಕೊಳ್ಳುವಂಥ ಸಿಟ್ಟಿರಲಿಲ್ಲ. ‘ಬಿಡಬೇಕು ಅಂತ ನಂಗೂ ಇತ್ತು ಕಣೋ. ಆದ್ರೆ ಅವನೂ ಅತ್ತನಲ್ಲೋ. ನನ್ನ ಜೊತೆ ಕೂತ್ಕೊಂಡು, ಅವಳ ಹೆಸರು ಹೇಳ್ಕೊಂಡು ಅತ್ತನಲ್ಲ’ ಅಂದರು. ಕಜಾನ್‌ಗೆ ಸನ್ಯಾಸ ಬೇಕಿರಲಿಲ್ಲ ಅಂತಲ್ಲ. ಬೇಕಿತ್ತು, ನಿಜವಾಗಿ ಬೇಕಿತ್ತು. ಅದಕ್ಕೇ ಆ ಮೋಸ ಅಷ್ಟು ಸಲೀಸಾಗಿ ನಡೆಯಿತು. ಸಿಂಹಾಸನ ಕಳೆದದ್ದಕ್ಕಿಂತ, ಶಿಶಿಗಾಗಿ ತನ್ನ ಜೊತೆ ಅಳುತ್ತಿದ್ದಾನೆ ಅಂದುಕೊಂಡ ಮನುಷ್ಯ ಎದ್ದು ಹೋದದ್ದು ಅವನನ್ನು ಅಳಿಸಿತು ಅಂತ ನಾನು ನಂಬುತ್ತೇನೆ.

ತಿಕ್ಕಲು ಅನ್ನುವ ಮಾತು

ಆಮೇಲೆ ಅವನು ಇಪ್ಪತ್ತೆರಡು ವರ್ಷ ಬದುಕಿದ. ಶೋಶಾ ಬೆಟ್ಟಕ್ಕೆ, ಕುಮಾನೊಗೆ ಯಾತ್ರೆ ಹೋದ. ಕರುಣೆಯ ಬೋಧಿಸತ್ವ ಕಾನ್ನೊನ್‌ನ ಮೂವತ್ತಮೂರು ಕ್ಷೇತ್ರಗಳ ಪಶ್ಚಿಮ ಯಾತ್ರೆಯನ್ನು ಮತ್ತೆ ಶುರು ಮಾಡಿದವನು ಇವನೇ ಅಂತ ಯಾತ್ರಿಕರು ಇವತ್ತಿಗೂ ನಂಬುತ್ತಾರೆ. ಗಾಂಗ್ಯೋಜಿ ಈಗ ಸಣ್ಣ ದೇವಾಲಯ, ಆ ಯಾತ್ರೆಯ ಹೆಚ್ಚುವರಿ ಕ್ಷೇತ್ರ. ತಿರುಗಿ ರಾಜಧಾನಿಗೆ ಬಂದು ಕೂತ ಮೇಲೆ ಹೆಣ್ಣುಗಳ ಸಹವಾಸ, ಹೆಸರು ಕೆಡಿಸಿಕೊಂಡದ್ದು ಎಲ್ಲ ಇದೆ. 996ರಲ್ಲಿ ಒಂದು ರಾತ್ರಿ ಮಿಚಿತಕನ ಮಕ್ಕಳ ಕಡೆಯವರು ಬಿಟ್ಟ ಬಾಣ ಅವನ ಅಂಗಿಯ ತೋಳಿಗೆ ಚುಚ್ಚಿತು. ಅವನು ಯಾರ ಮನೆಗೆ ಹೋಗುತ್ತಿದ್ದ ಅನ್ನುವುದನ್ನು ಗಮನಿಸಿ. ಶಿಶಿಯ ತಂಗಿಯ ಮನೆಗೆ. ರೇಜೇಯ್ ಹುಚ್ಚಿಗಿಂತ ಕಜಾನ್ ಹುಚ್ಚು ಸಂಭಾಳಿಸುವುದು ಕಷ್ಟ ಅಂತ ಒಬ್ಬ ಹೇಳಿದಾಗ, ಮಿಚಿಕನೆಯ ತಮ್ಮ ಮಿಚಿನಾಗ ಹಾಗೆಲ್ಲ ಅನ್ನಬಾರದು ಅನ್ನುತ್ತಲೇ ಬಿದ್ದು ಬಿದ್ದು ನಕ್ಕನಂತೆ.

ಆದರೆ ಅದೇ ಓಕಗಾಮಿ ಕಜಾನ್‌ನ ಕೈಕೆಲಸದ ಬಗ್ಗೆ ಹೇಳುವುದನ್ನು ಓದಿ. ಓಡುವ ಬಂಡಿಯ ಚಿತ್ರ ಬರೆದಾಗ ಚಕ್ರವನ್ನು ತೆಳು ಶಾಯಿಯಲ್ಲಿ ಬಳಿದು, ಅದರ ಕಡ್ಡಿಗಳನ್ನು ನೆರಳಿನ ಹಾಗೆ ಬಿಟ್ಟ. ಜೋರಾಗಿ ಓಡುವ ಚಕ್ರದ ಕಪ್ಪು ಯಾರಿಗೆ ಕಾಣುತ್ತದೆ ಹೇಳಿ? ಚೆರ್ರಿ ಮರದ ಹೂ ಚೆಂದ, ಕಾಂಡ ಚೆಂದವಲ್ಲ ಅಂತ ಮರವನ್ನು ಗೋಡೆಯ ಆಚೆ ನೆಡಿಸಿದ. ಒಳಗಿನಿಂದ ಹೂವಿನ ತುದಿ ಮಾತ್ರ ಕಾಣಬೇಕು. ಬಂಡಿ ನಿಲ್ಲಿಸುವ ಕೊಟ್ಟಿಗೆಯ ನೆಲವನ್ನು ಹಿಂದೆ ಎತ್ತರ, ಮುಂದೆ ತಗ್ಗು ಮಾಡಿಸಿದ. ತುರ್ತು ಬಂದಾಗ ಬಾಗಿಲು ತೆರೆದರೆ ಸಾಕು, ಯಾರ ಕೈಯೂ ತಾಕದೆ ಬಂಡಿ ತಾನೇ ಹೊರಗೆ ಉರುಳಬೇಕು. ಇಷ್ಟು ಸೂಕ್ಷ್ಮವಾಗಿ ನೋಡುವ ಕಣ್ಣಿಗೆ ಒಂದೇ ಒಂದು ರಾತ್ರಿ ಎದುರಿಗಿದ್ದ ಮುಖ ಕಾಣಲಿಲ್ಲ. ದುಃಖದಲ್ಲಿರುವವರಿಗೆ ಕಾಣುವುದಿಲ್ಲ.

ಯೋಶಿಚಿಕನ ಬಗ್ಗೆಯೂ ಹೇಳಬೇಕು. ಅವನದು ಒಳಗಿನಿಂದ ಬಂದ ವೈರಾಗ್ಯ ಅಲ್ಲ, ಎಷ್ಟು ದಿನ ನಿಂತೀತು ಅಂತ ಜನ ಅಂದುಕೊಂಡಿದ್ದರು. ಅವನು ಕದಲಲಿಲ್ಲ. ಹಿಯೇಯ್ ಬೆಟ್ಟದ ಈಮುರೋದಲ್ಲಿ ಕೊನೆಯವರೆಗೂ ವ್ರತ ತಪ್ಪದೆ ಇದ್ದ. ಮಿಚಿಕನೆ 995ರಲ್ಲಿ ಕೊನೆಗೂ ಆಸ್ಥಾನದ ಅತಿ ದೊಡ್ಡ ಹುದ್ದೆಗೆ ಏರಿ, ಕೆಲವೇ ದಿನದಲ್ಲಿ ಸಾಂಕ್ರಾಮಿಕ ರೋಗಕ್ಕೆ ಸತ್ತ. ಏಳು ದಿನದ ಮಂತ್ರಿ ಅಂತ ಹೆಸರು ಉಳಿಯಿತು.

ಆ ರಾತ್ರಿ ಕೆಲಸ ಕಳೆದುಕೊಂಡ ಸಣ್ಣ ಅಧಿಕಾರಿಗಳೂ ಇದ್ದರು. ಅವರಲ್ಲಿ ಒಬ್ಬ ತಮೆತೋಕಿ, ಚೀನೀ ಕಾವ್ಯದಲ್ಲಿ ಪಂಡಿತ. ಕಜಾನ್ ಆಳ್ವಿಕೆಯಲ್ಲಿ ಹುದ್ದೆ ಸಿಕ್ಕಿತ್ತು. ಅವನು ಇಳಿದ ಮೇಲೆ ಹತ್ತು ವರ್ಷ ಮನೆಯಲ್ಲಿ ಕೂತ. ಮನೆಯಲ್ಲಿ ಒಬ್ಬಳು ಮಗಳು ಬೆಳೆಯುತ್ತಿದ್ದಳು. ಮುಂದೆ ಅವಳು ಮುರಾಸಾಕಿ ಶಿಕಿಬು ಅಂತ ಹೆಸರಾಗಿ ‘ಗೆಂಜಿ’ ಅನ್ನುವ ದೊಡ್ಡ ಕಥೆ ಬರೆದಳು. ಆ ಕಥೆ ಶುರುವಾಗುವುದೇ ಒಬ್ಬ ಚಕ್ರವರ್ತಿ ಒಬ್ಬಳು ರಾಣಿಯನ್ನು ಅತಿಯಾಗಿ ಹಚ್ಚಿಕೊಂಡು, ಕಾಯಿಲೆ ಬಿದ್ದರೂ ತವರಿಗೆ ಕಳಿಸಲು ಮನಸ್ಸಾಗದೆ, ಕೊನೆಗೆ ಅವಳನ್ನು ಕಳೆದುಕೊಳ್ಳುವುದರಿಂದ. ಆ ಪುಟಗಳಲ್ಲಿ ನನಗೆ ಶಿಶಿ ಕಾಣುತ್ತಾಳೆ.

ಕಜಾನ್ ತೀರಿಕೊಂಡದ್ದು 1008ರ ಎರಡನೇ ತಿಂಗಳಲ್ಲಿ, ನಲವತ್ತೊಂದನೇ ವಯಸ್ಸಿಗೆ. ಅದೇ ವರ್ಷ ಯೋಶಿಚಿಕನೂ ಹೋದ. ಆ ವರ್ಷದ ಒಂಬತ್ತನೇ ತಿಂಗಳಲ್ಲಿ ಮಿಚಿನಾಗನ ಮನೆಯಲ್ಲಿ ಅವನ ಮಗಳು ಶೋಶಿ, ಚಕ್ರವರ್ತಿ ಇಚಿಜೋನ ರಾಣಿ, ಗಂಡುಮಗು ಹೆತ್ತಳು. ಮುರಾಸಾಕಿ ಆಗ ಅಲ್ಲೇ ಕೆಲಸಕ್ಕಿದ್ದಳು, ಎಲ್ಲವನ್ನೂ ದಿನಚರಿಯಲ್ಲಿ ಬರೆದಿಟ್ಟಳು. ಮಿಚಿನಾಗ ಹೊತ್ತಲ್ಲದ ಹೊತ್ತಿನಲ್ಲಿ ಬಂದು ಮಗುವನ್ನು ಎತ್ತಿಕೊಳ್ಳುತ್ತಿದ್ದ. ಒಂದು ದಿನ ಮಗು ಅವನ ಅಂಗಿ ಒದ್ದೆ ಮಾಡಿತು. ಅವನು ಅದನ್ನು ಬಿಚ್ಚಿ ಬೆಂಕಿಗೆ ಹಿಡಿದು ಒಣಗಿಸುತ್ತಾ, ‘ಈ ರಾಜಕುಮಾರ ಒದ್ದೆ ಮಾಡಿದ್ದೇ ಎಂಥ ಖುಷಿ! ಇದನ್ನು ಒಣಗಿಸುತ್ತಾ ಕೂತರೆ ಅಂದುಕೊಂಡದ್ದೆಲ್ಲ ಆದ ಹಾಗಿದೆ’ ಅಂದನಂತೆ.